ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನಾಲ್ಕು ಹೆಜ್ಜೆ

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬುದು ನಮ್ಮ ಹಿರಿಯರ ಮಾತು. ದುಡಿಯದೆ ಉಣ್ಣುವ ಸೋಮಾರಿಯನ್ನು ಕುರಿತು ಹುಟ್ಟಿದ ಈ ಗಾದೆಯು ಇಂದು ವಿಚಿತ್ರ ರೀತಿಯಲ್ಲಿ ದುಡಿಯುವವನಿಗೇ ಅನ್ವಯಿಸತೊಡಗಿದೆ. ಕಚೇರಿ, ಬ್ಯಾಂಕು, ಕಂಪನಿಗಳಲ್ಲಿ ನೌಕರಿ ಮಾಡುವ ನಮ್ಮ ಮಕ್ಕಳು ಸೋಮಾರಿಗಳಲ್ಲ. ಬೆಳಗಿನಿಂದ ಸಂಜೆಯವರೆಗೆ ಬೆವರದಿದ್ದರೂ ಬಸವಳಿಯುವಷ್ಟು ದುಡಿಯುತ್ತಾರೆ. ಆದರೆ ಆ ದುಡಿಮೆಯನ್ನೆಲ್ಲ ಕುಳಿತೇ ಮಾಡುತ್ತಾರೆ, ಕುಳಿತಲ್ಲೇ ಉಣ್ಣುತ್ತಾರೆ. ಹೊನ್ನು ಸಾಲದೆ ಹೋಗುವುದು ಆಮೇಲಿನ ಮಾತು. ಅದಕ್ಕೂ ಮೊದಲೇ ಆರೋಗ್ಯ ಸಾಲದೆ ಹೋಗುತ್ತಿದೆ.

ನಗರದ ನೌಕರನ ದಿನದಲ್ಲಿ ಅವನದೇ ಎನ್ನಬಹುದಾದ ಹೊತ್ತು ಬಹಳ ಕಡಿಮೆ. ಅಂಥ ಒಂದು ಹೊತ್ತೆಂದರೆ ಮಧ್ಯಾಹ್ನದ ಊಟದ ಬಿಡುವು. ಆ ಬಿಡುವಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ನಡೆಯುವುದರಿಂದ ಏನಾಗುತ್ತದೆ, ಅದಕ್ಕೆ ಆಧಾರವೇನು, ನಮ್ಮ ಊರುಗಳಲ್ಲಿ ಅದು ಸಾಧ್ಯವೇ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಹೊಲದ ದಾರಿ, ಕಚೇರಿಯ ಕುರ್ಚಿ

ರೋಣ-ನರಗುಂದ ಸೀಮೆಯ ಯಾವಗಲ್ ಗ್ರಾಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಣ್ಣೆಹಳ್ಳದ ಆಸುಪಾಸಿನ ಎರೆಭೂಮಿ. ಬಿಳಿಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಾಡು. ಇಂಥ ಊರುಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ಮಧ್ಯಾಹ್ನದ ಊಟವೆಂದರೆ ಬುತ್ತಿ. ನಸುಕಿನಲ್ಲಿ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದವನಿಗೆ ಮನೆಯ ಹೆಣ್ಣುಮಗಳು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆಯ ಗಡಿಗೆಗಳನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ನಡೆದುಹೋಗುತ್ತಿದ್ದಳು. ಉಣ್ಣುವವನು ಅದಾಗಲೇ ಕುಂಟೆಯ ಹಿಂದೆ, ಎಡೆಯ ಹಿಂದೆ ಹೊಲದ ತುದಿಯಿಂದ ತುದಿಗೆ ಎಷ್ಟೋ ಸಲ ಅಡ್ಡಾಡಿರುತ್ತಿದ್ದನು. ಬನ್ನಿಯ ಗಿಡದ ನೆರಳಿನಲ್ಲಿ ಉಂಡು, ತುಸು ದಣಿವಾರಿಸಿಕೊಂಡು, ಮತ್ತೆ ಹೊತ್ತು ಮುಳುಗುವವರೆಗೆ ನಡಿಗೆ. ಊಟಕ್ಕೆ ಮುಂಚೆ ನಡಿಗೆ, ಊಟದ ನಂತರ ನಡಿಗೆ, ಊಟ ತರುವವಳದೂ ನಡಿಗೆ. ವ್ಯಾಯಾಮವೆಂಬ ಶಬ್ದವನ್ನು ಅವರು ಬಳಸಲಿಲ್ಲ. ಬಳಸುವ ಅಗತ್ಯವೂ ಇರಲಿಲ್ಲ.

ಆ ಬದುಕನ್ನು ಹಾಡಿ ಹೊಗಳುವುದು ನಮ್ಮ ಇಂಗಿತವಲ್ಲ. ಅದರಲ್ಲಿ ಬರವಿತ್ತು, ಸಾಲವಿತ್ತು, ಸೊಂಟ ಮುರಿಯುವ ಕಷ್ಟವಿತ್ತು. ಮಕ್ಕಳು ಓದಿ ನೌಕರಿ ಹಿಡಿಯಲೆಂದು ತಂದೆತಾಯಿಗಳು ಹಂಬಲಿಸಿದ್ದು ಸಹಜವೇ. ಹಾಗೆ ಓದಿದವರು ಗದಗ, ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಪುಣೆಗಳಿಗೆ ಹೋದರು. ಅವರ ಡಬ್ಬಿಯಲ್ಲಿ ಇಂದಿಗೂ ಊರಿನಿಂದ ಬಂದ ಜೋಳದ ರೊಟ್ಟಿಯೇ ಇರಬಹುದು. ಆದರೆ ಆ ರೊಟ್ಟಿಯ ಹಿಂದೆ ಮುಂದೆ ಇದ್ದ ನಡಿಗೆ ಮಾತ್ರ ಇಲ್ಲವಾಗಿದೆ. ಮನೆಯ ಬಾಗಿಲಿನಿಂದ ಬಸ್ಸು ಅಥವಾ ಸ್ಕೂಟರು, ಅಲ್ಲಿಂದ ಲಿಫ್ಟು, ಅಲ್ಲಿಂದ ಕುರ್ಚಿ. ಊಟದ ಹೊತ್ತಿಗೆ ಅದೇ ಮೇಜಿನ ಮೇಲೆ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೊಬೈಲು. ನೂರಾರು ವರ್ಷ ನಡೆದ ವಂಶದ ದೇಹವು ಒಂದೇ ತಲೆಮಾರಿನಲ್ಲಿ ಕುಳಿತುಬಿಟ್ಟಿದೆ.

ಸಕ್ಕರೆಯ ಲೆಕ್ಕ

ಹೀಗೆ ಕುಳಿತುದರ ಬೆಲೆ ಎಷ್ಟೆಂಬುದಕ್ಕೆ ಈಗ ಅಂಕಿಅಂಶಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಇದರ ಪ್ರಮಾಣ ಶೇಕಡಾ 11.4. ಹಳ್ಳಿಗಳಲ್ಲಿ ಶೇಕಡಾ 8.9 ಇದ್ದರೆ ನಗರಗಳಲ್ಲಿ ಶೇಕಡಾ 16.4. ಇವರಲ್ಲದೆ ಇನ್ನೂ 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ನಗರ ಮತ್ತು ಹಳ್ಳಿಗಳ ನಡುವಿನ ಈ ಅಂತರಕ್ಕೆ ಆಹಾರ, ಚಿಂತೆ, ನಿದ್ರೆಗೇಡು ಮೊದಲಾದ ಹಲವು ಕಾರಣಗಳಿದ್ದರೂ ದೇಹಶ್ರಮದ ಕೊರತೆ ಅವುಗಳಲ್ಲಿ ಮುಖ್ಯವಾದುದು.

ಈ ಅಂಕಿಗಳ ಹಿಂದೆ ಸಂಸಾರಗಳಿವೆ. ಒಬ್ಬನ ಸಂಬಳದ ಮೇಲೆ ಬೆಂಗಳೂರಿನ ಬಾಡಿಗೆ ಮನೆ, ಮಕ್ಕಳ ಶಾಲೆಯ ಫೀಸು, ಊರಿನಲ್ಲಿರುವ ತಂದೆತಾಯಿಗಳ ಔಷಧ, ತಂಗಿಯ ಮದುವೆಗೆ ಎತ್ತಿದ ಸಾಲ ಇವೆಲ್ಲ ನಿಂತಿರುತ್ತವೆ. ಅಂಥವನು ನಲವತ್ತರ ಹೊತ್ತಿಗೆ ಸಕ್ಕರೆ ಕಾಯಿಲೆಯವನಾಗಿ, ನಲವತ್ತೈದಕ್ಕೆ ಎದೆನೋವೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ, ಆ ಪೆಟ್ಟು ಯಾವಗಲ್ಲಿನ ಮನೆಯ ಕಟ್ಟೆಯವರೆಗೂ ತಲಪುತ್ತದೆ. ಆದ್ದರಿಂದ ಮಧ್ಯಾಹ್ನದ ನಾಲ್ಕು ಹೆಜ್ಜೆಗಳನ್ನು ಒಬ್ಬನ ಹವ್ಯಾಸವೆಂದು ತಿಳಿಯದೆ, ಮನೆತನದ ವಿಚಾರವೆಂದೇ ತಿಳಿಯಬೇಕು.

ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ಸಹಜ ಕ್ರಿಯೆ. ಊಟವಾದ ಸುಮಾರು ಒಂದು ಗಂಟೆಯ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆ. ಆ ವೇಳೆಯಲ್ಲಿ ಕಾಲಿನ ದೊಡ್ಡ ಸ್ನಾಯುಗಳು ಕೆಲಸದಲ್ಲಿದ್ದರೆ ಅವು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ವಿಶೇಷವೆಂದರೆ, ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಕಡಿಮೆಯಿದ್ದಾಗಲೂ ಸಕ್ಕರೆಯನ್ನು ಹೀರಿಕೊಳ್ಳಬಲ್ಲುದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು 41 ಮಂದಿ ಮಧುಮೇಹಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ದೃಷ್ಟಿಯಿಂದ ಗಮನಾರ್ಹ. ದಿನದಲ್ಲಿ ಯಾವಾಗಲಾದರೂ ಒಮ್ಮೆ 30 ನಿಮಿಷ ನಡೆದುದಕ್ಕಿಂತ, ಪ್ರತಿ ಊಟದ ನಂತರ 10 ನಿಮಿಷದಂತೆ ನಡೆದಾಗ ಊಟದ ಬಳಿಕದ ಸಕ್ಕರೆಯ ಏರಿಕೆ ಸರಾಸರಿ ಶೇಕಡಾ 12ರಷ್ಟು ಕಡಿಮೆಯಾಗಿತ್ತು.

ನಮ್ಮ ಪರಂಪರೆಗೆ ಇದು ಹೊಸದಲ್ಲ. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ವಿಧಿ ಸುಶ್ರುತ ಸಂಹಿತೆಯಲ್ಲಿದೆ. ಪ್ರಮೇಹದ ರೋಗಿಗೆ ದೀರ್ಘ ಕಾಲ್ನಡಿಗೆಯನ್ನು ಚಿಕಿತ್ಸೆಯ ಭಾಗವಾಗಿಯೇ ಅದು ಹೇಳುತ್ತದೆ. ಅಂಗಳದಲ್ಲಿ ಶತಪಥ ಹಾಕುತ್ತಿದ್ದ ಅಜ್ಜಂದಿರು ಈ ಶಾಸ್ತ್ರವನ್ನು ಓದಿರಲಿಕ್ಕಿಲ್ಲ, ಅನುಭವದಿಂದ ಅರಿತಿದ್ದರು.

ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್

ಕುಳಿತು ಮಾಡುವ ಕೆಲಸಕ್ಕೂ ಹೃದಯದ ಕಾಯಿಲೆಗೂ ಸಂಬಂಧವಿದೆಯೆಂದು ಜಗತ್ತಿಗೆ ಮೊದಲು ಮನದಟ್ಟಾಗಿಸಿದವರು ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರನು ದಿನವಿಡೀ ಕುಳಿತಿರುತ್ತಿದ್ದನು. ಕಂಡಕ್ಟರನು ಟಿಕೆಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಇಬ್ಬರದೂ ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆ ಮಠ. ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ವರದಿಯಂತೆ, ಕಂಡಕ್ಟರರಲ್ಲಿ ಹೃದಯಾಘಾತ ಡ್ರೈವರರಿಗಿಂತ ಕಡಿಮೆಯಿತ್ತು. ಬಂದರೂ ತಡವಾಗಿ, ಅಷ್ಟು ಮಾರಕವಲ್ಲದ ರೀತಿಯಲ್ಲಿ ಬರುತ್ತಿತ್ತು. ನಡೆದು ಟಪಾಲು ಹಂಚುವ ಅಂಚೆಯವರಿಗೂ ಕಚೇರಿಯಲ್ಲಿ ಕುಳಿತ ಗುಮಾಸ್ತರಿಗೂ ಇದೇ ಬಗೆಯ ವ್ಯತ್ಯಾಸ ಕಂಡುಬಂದಿತು. ನಮ್ಮ ಕಚೇರಿಗಳಲ್ಲಿ ಇಂದು ಎಲ್ಲರೂ ಡ್ರೈವರರೇ ಆಗಿದ್ದಾರೆ. ಕಂಡಕ್ಟರರು ಯಾರೂ ಉಳಿದಿಲ್ಲ.

ಹೋರಾಡಿ ಪಡೆದ ಬಿಡುವು

ಮಧ್ಯಾಹ್ನದ ಬಿಡುವನ್ನು ಅನೇಕರು ಯಜಮಾನರ ಉದಾರತೆಯೆಂದು ಭಾವಿಸಿ, ಅದನ್ನು ಬಳಸಿಕೊಳ್ಳಲು ಸಂಕೋಚಪಡುತ್ತಾರೆ. ಎಲ್ಲರೂ ಮೇಜಿನಲ್ಲಿದ್ದಾಗ ತಾನೊಬ್ಬನೇ ಎದ್ದು ಹೊರಟರೆ ಸಾಹೇಬರು ಏನೆಂದುಕೊಂಡಾರು ಎಂಬ ಅಳುಕು ಅವರದು. ಅಂಥವರು ಒಂದು ಇತಿಹಾಸವನ್ನು ನೆನೆಯಬೇಕು. ಮುಂಬಯಿಯ ಗಿರಣಿಗಳಲ್ಲಿ ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವವರೆಗೆ ದುಡಿತವಿದ್ದ ಕಾಲದಲ್ಲಿ, ಮಹಾತ್ಮ ಜ್ಯೋತಿಬಾ ಫುಲೆಯವರ ಸಹಚರರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರನ್ನು ಸಂಘಟಿಸಿದರು. ವಾರಕ್ಕೊಂದು ರಜೆ ಕೊಡಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಬೇಕು ಎಂಬುವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. 1890ರಲ್ಲಿ ಗಿರಣಿಗಳಿಗೆ ಭಾನುವಾರದ ರಜೆ ದೊರೆಯಿತು. 1891ರ ಕಾರ್ಖಾನೆ ಕಾಯ್ದೆ ಮಧ್ಯಾಹ್ನದ ಅರ್ಧ ಗಂಟೆಯನ್ನು ಕಾನೂನಿನೊಳಗೆ ತಂದಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯೂ ಐದು ಗಂಟೆಗಳ ಸತತ ದುಡಿಮೆಗೆ ಮುನ್ನ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನು ವಿಧಿಸಿತು. ಹೀಗೆ ಬಡ ಕಾರ್ಮಿಕರು ಬೇಡಿ ಪಡೆದ ಹೊತ್ತನ್ನು ಓದಿದ ನಾವು ಮೇಜಿನ ಮುಂದೆಯೇ ಕಳೆದುಬಿಡುವುದು ಸರಿಯೇ?

ಕಾಯಕವೆಂಬ ಪದವನ್ನು ನಾವು ಮೇಲಿಂದ ಮೇಲೆ ಬಳಸುತ್ತೇವೆ. ಆ ಪದದೊಳಗೇ ಕಾಯವಿದೆ. ಕಾಯವನ್ನು ಕೆಡಿಸಿಕೊಂಡು ಮಾಡುವ ಕಾಯಕ ಬಹುಕಾಲ ನಡೆಯಲಾರದು. ಅರ್ಧ ಗಂಟೆ ಎದ್ದು ನಡೆದುಬಂದವನು ಕಾಯಕಕ್ಕೆ ದ್ರೋಹವೆಸಗಿದವನಲ್ಲ. ನಾಳಿನ ಕಾಯಕಕ್ಕೆ ಅಣಿಯಾದವನು. ಈ ಮಾತಿಗೂ ಪ್ರಮಾಣವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು ಕೆಲಸ ಮಾಡುವ ನೌಕರರನ್ನು ವಾರಕ್ಕೆ ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ನಡೆಯಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಡೆದ ದಿನಗಳ ಅಪರಾಹ್ನದಲ್ಲಿ ಅವರ ಉತ್ಸಾಹ ಹೆಚ್ಚಿ, ಉದ್ವೇಗ ತಗ್ಗಿತ್ತು. ಫಿನ್‌ಲೆಂಡಿನಲ್ಲಿ ಊಟದ ಬಿಡುವಿನಲ್ಲಿ 15 ನಿಮಿಷ ಉದ್ಯಾನದಲ್ಲಿ ಅಡ್ಡಾಡಿದವರ ಏಕಾಗ್ರತೆ ಉತ್ತಮಗೊಂಡುದನ್ನು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಮೂರು ಗಂಟೆಯ ತೂಕಡಿಕೆಯನ್ನು ಚಹದಿಂದ ಓಡಿಸುವವರು ಇದನ್ನು ಪ್ರಯೋಗಿಸಿ ನೋಡಬಹುದು.

ಅಠಾರಾ ಕಚೇರಿಯ ನೆರೆಯ ಉದ್ಯಾನ

ನಡೆಯಲು ನಗರದಲ್ಲಿ ಸ್ಥಳವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ನಮ್ಮ ರಾಜಧಾನಿಯ ನಡುವೆ, ಕಚೇರಿಗಳ ಮಗ್ಗುಲಲ್ಲೇ, ಒಂದು ದೊಡ್ಡ ಭಾಗ್ಯವಿದೆ. ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತಂದ ಅಠಾರಾ ಕಚೇರಿಯ ಕಟ್ಟಡ 1868ರಲ್ಲಿ ಪೂರ್ಣಗೊಂಡಿತು. ಅದರ ಮುಂದೆ 1870ರಲ್ಲಿ, ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ, ಉದ್ಯಾನವೊಂದು ರೂಪುಗೊಂಡಿತು. ಮೊದಲು ಸುಮಾರು 100 ಎಕರೆಯಿದ್ದುದು ಕಾಲಕ್ರಮದಲ್ಲಿ 300 ಎಕರೆಯಷ್ಟು ಬೆಳೆಯಿತು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದಿತಾದರೂ ಜನರ ಬಾಯಲ್ಲಿ ಅದು ಇಂದಿಗೂ ಕಬ್ಬನ್ ಪಾರ್ಕೇ. 1956ರಲ್ಲಿ ವಿಧಾನಸೌಧ ಸಿದ್ಧವಾಗಿ ಸಚಿವಾಲಯ ಅಲ್ಲಿಗೆ ಹೋಯಿತು. ಅಠಾರಾ ಕಚೇರಿ ಉಚ್ಚ ನ್ಯಾಯಾಲಯವಾಯಿತು. ಬಳಿಕ ಬಹುಮಹಡಿ ಕಟ್ಟಡ, ವಿಕಾಸಸೌಧಗಳು ಸಮೀಪದಲ್ಲೇ ಎದ್ದವು. ಅಂದರೆ ಒಂದೂವರೆ ಶತಮಾನದಿಂದ ಈ ರಾಜ್ಯದ ಕಡತಗಳನ್ನು ಬರೆಯುವ ಕೈಗಳು ಈ ಮರಗಳ ನೆರೆಯಲ್ಲೇ ದುಡಿಯುತ್ತ ಬಂದಿವೆ.

ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹೋದರೆ ಈ ಮಾತಿನ ಅರ್ಥ ತಿಳಿಯುತ್ತದೆ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ನೌಕರರು, ಕರಿಕೋಟಿನ ವಕೀಲರು, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯದಿಂದ ಹೊರಬಂದ ವಿದ್ಯಾರ್ಥಿಗಳು, ಬಿದಿರುಮೆಳೆಗಳ ನೆರಳಿನಲ್ಲಿ ಡಬ್ಬಿ ಬಿಚ್ಚಿದ ಗೆಳತಿಯರು ಎಲ್ಲರೂ ಕಾಣಸಿಗುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಊರಾದ್ದರಿಂದ ಮರದ ನೆರಳಿದ್ದರೆ ನಡುಹಗಲೂ ಸಹ್ಯವೇ. ಆ ನೆರಳು ತಾನಾಗಿ ಉಳಿದುದಲ್ಲ ಎಂಬುದನ್ನೂ ನೆನಪಿಡಬೇಕು. ಉದ್ಯಾನದ ರಕ್ಷಣೆಗಾಗಿ ರಾಜ್ಯವು 1975ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. 1998ರಲ್ಲಿ ಅದರ ಒಂದು ಭಾಗವನ್ನು ರಕ್ಷಣೆಯಿಂದ ಕೈಬಿಡುವ ಯತ್ನ ನಡೆದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ನಡೆಯುವವರಿದ್ದರೆ ಉದ್ಯಾನಗಳು ಉಳಿಯುತ್ತವೆ. ಯಾರೂ ಕಾಲಿಡದ ಜಾಗದ ಮೇಲೆ ಎಲ್ಲರ ಕಣ್ಣು ಬೀಳುತ್ತದೆ.

ನಮ್ಮ ಭಾಗದ ನಗರಗಳಲ್ಲಿ ಬಿಸಿಲಿನದೇ ತೊಡಕು. ಹುಬ್ಬಳ್ಳಿ, ಗದಗಗಳಲ್ಲಿ ಚೈತ್ರ ವೈಶಾಖದ ನಡುಹಗಲಿನಲ್ಲಿ ಹೊರಗೆ ನಡೆಯಿರೆಂದು ಹೇಳುವುದು ವಿವೇಕವಲ್ಲ. ಆ ಎರಡು ಮೂರು ತಿಂಗಳು ಕಚೇರಿಯ ಪಡಸಾಲೆ, ಮೆಟ್ಟಿಲುಗಳೇ ನಡಿಗೆಯ ತಾಣಗಳಾಗಲಿ. ಆಷಾಢದ ತಂಪು ಗಾಳಿ ಬೀಸತೊಡಗಿದ ಮೇಲೆ ಶಿವರಾತ್ರಿಯವರೆಗೂ, ಮಳೆ ಬಿಟ್ಟ ದಿನಗಳಲ್ಲಿ, ಹೊರಗಿನ ನಡಿಗೆಗೆ ಅಡ್ಡಿಯಿಲ್ಲ. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯ ಉದ್ಯಾನ, ಧಾರವಾಡದ ಕರ್ನಾಟಕ ಕಾಲೇಜಿನ ಮರಗಳ ಸಾಲು, ಗದಗಿನ ಭೀಷ್ಮಕೆರೆಯ ದಂಡೆ ಇವು ಸಮೀಪದ ಕಚೇರಿಗಳವರಿಗೆ ಒದಗಿಬರುವ ಸ್ಥಳಗಳು. ಅದೂ ಇಲ್ಲದವರಿಗೆ ತಮ್ಮ ಕಟ್ಟಡದ ನೆರಳು ಬೀಳುವ ಮಗ್ಗುಲೇ ಸಾಕು.

ಎಷ್ಟು, ಹೇಗೆ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದ ಐದು ದಿನ ಮಧ್ಯಾಹ್ನ ಅರ್ಧ ಗಂಟೆ ನಡೆದರೆ 150 ನಿಮಿಷ ಅಲ್ಲಿಗೇ ಪೂರ್ಣವಾಯಿತು. ಇಪ್ಪತ್ತು ನಿಮಿಷವಾದರೆ 100. ಉಳಿದುದನ್ನು ಸಂಜೆ ಒಂದು ಬಸ್ ನಿಲ್ದಾಣ ಮೊದಲೇ ಇಳಿದು ತುಂಬಿಕೊಳ್ಳಬಹುದು. ಜೊತೆಗಾರನೊಡನೆ ಮಾತಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಸಾಧಾರಣ ಬಿರುಸೆಂದರೆ ಇಷ್ಟೇ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂಬ ಮಾತು ಈಗ ಮನೆಮಾತಾಗಿದೆ. ಅದು ಯಾವ ವೈದ್ಯನ ಕಟ್ಟಳೆಯೂ ಅಲ್ಲ; 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹುಟ್ಟಿದ ಸಂಖ್ಯೆ. ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಶೇಕಡಾ 41ರಷ್ಟು ಕಡಿಮೆಯಿತ್ತು. ಇಪ್ಪತ್ತು ನಿಮಿಷದ ನಡಿಗೆಯೆಂದರೆ ಸುಮಾರು 2,000 ಹೆಜ್ಜೆ, ಒಂದೂವರೆ ಕಿಲೋಮೀಟರು. ಕೆಲಸದ 250 ದಿನ ಹೀಗೆ ನಡೆದರೆ ವರ್ಷಕ್ಕೆ 375 ಕಿಲೋಮೀಟರು. ಹುಬ್ಬಳ್ಳಿಯಿಂದ ಹೊರಟವನು ಬೆಂಗಳೂರಿನ ಹತ್ತಿರಕ್ಕೆ ಬಂದಂತಾಯಿತು!

ಊಟವನ್ನು ಅವಸರದಲ್ಲಿ ನುಂಗಿ ಓಡಬಾರದು. ನಿಧಾನವಾಗಿ ಉಂಡು, ಮೊದಲ ಐದು ನಿಮಿಷ ಮೆಲ್ಲಗೆ ನಡೆದು, ಆಮೇಲೆ ವೇಗ ಹೆಚ್ಚಿಸಬೇಕು. ಹೊಟ್ಟೆ ಬಿರಿಯುವಂತೆ ಉಂಡು ಬಿರುಸಾಗಿ ನಡೆಯುವುದು ಯಾರಿಗೂ ಹಿತವಲ್ಲ, ಹೃದ್ರೋಗವುಳ್ಳವರಿಗಂತೂ ಅಪಾಯಕರ. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆ ನೋಯತೊಡಗಿದರೆ ತಕ್ಷಣ ನಿಂತು ವೈದ್ಯರಲ್ಲಿಗೆ ಹೋಗಬೇಕು. ಅದನ್ನು ಗ್ಯಾಸೆಂದು ತಳ್ಳಿಹಾಕಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಿ, ಕಿಸೆಯಲ್ಲೊಂದು ಬೆಲ್ಲದ ಚೂರನ್ನಿಟ್ಟುಕೊಳ್ಳಲಿ. ಮಧುಮೇಹಿಗಳು ಪಾದಕ್ಕೆ ಒಪ್ಪುವ ಪಾದರಕ್ಷೆ ಧರಿಸಿ, ರಾತ್ರಿ ಅಂಗಾಲುಗಳನ್ನು ನೋಡಿಕೊಳ್ಳಬೇಕು.

ಹೆಣ್ಣುಮಕ್ಕಳ ಬಿಡುವು

ನೌಕರಿ ಮಾಡುವ ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಬಿಡುವಂತಿಲ್ಲ. ನಸುಕಿನಲ್ಲೆದ್ದು ನಾಲ್ಕು ಡಬ್ಬಿ ಕಟ್ಟಿ ಬಸ್ಸು ಹಿಡಿಯುವವಳಿಗೆ ಬೆಳಗಿನ ವಾಯುವಿಹಾರದ ಉಪದೇಶ ಮಾಡುವುದು ಅಣಕವೇ ಸರಿ. ಸಂಜೆ ಅವಳಿಗಾಗಿ ಅಡುಗೆಮನೆ ಕಾದಿರುತ್ತದೆ. ಮಧ್ಯಾಹ್ನದ ಬಿಡುವನ್ನೂ ಅವಳು ತರಕಾರಿ ಕೊಳ್ಳಲೋ ಮಕ್ಕಳ ಔಷಧ ತರಲೋ ಮುಡಿಪಿಡುತ್ತಾಳೆ. ಆ ಇಪ್ಪತ್ತು ನಿಮಿಷ ಅವಳಿಗೇ ಉಳಿಯಬೇಕಾದರೆ ತರಕಾರಿ ತರುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಬೇಕು. ಒಂಟಿಯಾಗಿ ಹೋಗಲು ಹಿಂಜರಿಯುವವರು ಇಬ್ಬರು ಮೂವರು ಕೂಡಿ ಹೊರಡಲಿ. ಕೂಡಿ ನಡೆದವರ ನಡಿಗೆ ತಪ್ಪುವುದಿಲ್ಲ.

ಅರಿವೆ ಅಂಗಡಿಗಳಲ್ಲಿ, ಬಂಗಾರದ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವವರೂ ಇದ್ದಾರೆ. ಅವರಿಗೆ ಬೇಕಾದುದು ನಡಿಗೆಯಲ್ಲ, ಕುಳಿತುಕೊಳ್ಳುವ ಅವಕಾಶ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಆಸನ ಒದಗಿಸಬೇಕೆಂದು ಕಾನೂನು ಮಾಡಿದವು. ನಮ್ಮ ಬಂಧುಗಳಲ್ಲಿ ಅಂಗಡಿ ಮುಂಗಟ್ಟುಗಳ ಮಾಲೀಕರು ಅನೇಕರಿದ್ದಾರೆ. ಕಾನೂನು ಬರಲೆಂದು ಕಾಯದೆ ಒಂದೆರಡು ಸ್ಟೂಲುಗಳನ್ನು ಹಾಕಿಸಿದರೆ ಅದೂ ಧರ್ಮಕಾರ್ಯವೇ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮಗೆಲ್ಲ ಗೊತ್ತು. ಊಟ ಬಲ್ಲವನೆಂದರೆ ಏನು ಉಣ್ಣಬೇಕೆಂಬುದನ್ನು ಮಾತ್ರ ಬಲ್ಲವನಲ್ಲ. ಉಂಡ ಮೇಲೆ ಏನು ಮಾಡಬೇಕೆಂಬುದನ್ನೂ ಬಲ್ಲವನು. ಊರಿನಲ್ಲಿರುವ ತಂದೆತಾಯಿಗಳು ದೂರದ ಮಕ್ಕಳಿಗೆ ಫೋನು ಮಾಡಿದಾಗ ಮೊದಲು ಕೇಳುವ ಮಾತು, 'ಊಟ ಆತೇನಪಾ?' ಎಂಬುದು. ಆ ಮಮತೆಯ ಪ್ರಶ್ನೆಗೆ ಇನ್ನು ಮುಂದೆ ಮತ್ತೊಂದನ್ನು ಸೇರಿಸಿಕೊಳ್ಳಲಿ: 'ಉಂಡು ಒಂದೀಟು ಅಡ್ಡಾಡಿ ಬಂದಿಯೇನು?'